ಒಂದು ಮಣೆ, ನೂರು ಕೈ

ಕಳೆದ ಅಕ್ಟೋಬರಿನ ಒಂದು ಭಾನುವಾರ ಚೆನ್ನೈಯ ಪಶ್ಚಿಮ ಮಾಂಬಲದ ಮನೆಯೊಂದರಲ್ಲಿ ನಾವು ನಾಲ್ವರು ಕೂತು, ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಬಂದಿದ್ದ ಕೈಬರಹದ ಲೇಖನಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೆವು. ಇದ್ದದ್ದು ಒಂದೇ ಲ್ಯಾಪ್‌ಟಾಪ್. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮೊದಲು ಕೂತರು. ‘ಕನ್ನಡ’ ಎಂದು ಬರೆಯಲು ಅವರು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರು. ನುಡಿ ತಂತ್ರಾಂಶದಲ್ಲಿ ಪಳಗಿದ ಕೈ. ಅವರು ಕಾಫಿಗೆ ಎದ್ದಾಗ ಹಳೆ ಮಹಾಬಲಿಪುರಂ ರಸ್ತೆಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ ಆ ಜಾಗಕ್ಕೆ ಬಂದಳು. ಅದೇ ಪದಕ್ಕೆ ಅವಳು ಇಂಗ್ಲಿಷಿನಲ್ಲಿ ಹೆಸರು ಬರೆಯುವ ಹಾಗೆ ಕೆ, ಎ, ಎನ್, ಎನ್, ಎ, ಡಿ, ಎ ಒತ್ತಿದಳು. ಪರದೆಯ ಮೇಲೆ ಏನೇನೋ ಮೂಡಿತು. ಕೀಲಿಮಣೆಯ ವಿನ್ಯಾಸ ಬದಲಿಸಿಕೊಟ್ಟೆ.

ಮೂರನೆಯವರು ಆ ಮನೆಯ ಅಜ್ಜಿ. ಮೈಸೂರಿನಲ್ಲಿ ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿ, ಮದುವೆಯಾಗಿ ಮದರಾಸಿಗೆ ಬಂದವರು. ಬೆರಳುಗಳು ಇನ್ನೂ ಚುರುಕು. ‘ಧರ್ಮ’ ಎಂಬ ಪದಕ್ಕೆ ಬಂದು ನಿಂತರು.

“ಅರ್ಕಾವತ್ತು ಯಾವ ಕೀಲೀಲಿ ಇಟ್ಟಿದೀರಪ್ಪಾ?”

“ಅದಕ್ಕೆ ಬೇರೆ ಕೀಲಿ ಇಲ್ಲಮ್ಮ. ಮೊದಲು ರ ಒತ್ತಿ, ಆಮೇಲೆ ಎಫ್, ಆಮೇಲೆ ಮ.”

“ಕಣ್ಣಿಗೆ ಕೊನೇಲಿ ಕಾಣೋದನ್ನ ಮೊದಲು ಯಾಕೆ ಒತ್ತಬೇಕು?”

ಇಪ್ಪತ್ತು ವರ್ಷ ತಂತ್ರಾಂಶದ ಕೆಲಸ ಮಾಡಿದ ನನಗೆ ಆ ಪ್ರಶ್ನೆಗೆ ಉತ್ತರ ಗೊತ್ತಿತ್ತು. ನಾವು ಉಚ್ಚರಿಸುವ ಕ್ರಮದಲ್ಲೇ ಕಂಪ್ಯೂಟರ್ ಅಕ್ಷರಗಳನ್ನು ಜೋಡಿಸಿಟ್ಟುಕೊಳ್ಳುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಲ್ಲ. ಆದರೆ ಆ ಉತ್ತರ ಅಜ್ಜಿಯ ಕೈಗೆ ಯಾವ ಸಹಾಯವನ್ನೂ ಮಾಡಲಿಲ್ಲ. ಒಂದು ಮಧ್ಯಾಹ್ನ, ಒಂದು ಯಂತ್ರ, ಒಂದೇ ಭಾಷೆಯ ಮೂರು ಜನ. ಮೂವರಿಗೂ ಒಪ್ಪುವ ಮಣೆ ಇರಲಿಲ್ಲ.

ಎಲ್ಲ ಬಳಕೆದಾರರಿಗೂ ಹಿಡಿಸುವ ತಂತ್ರಾಂಶ ಕಟ್ಟಬಹುದೇ ಎಂಬುದು ಈ ಉದ್ಯಮದ ಬಹಳ ಹಳೆಯ ಪ್ರಶ್ನೆ. ಅದನ್ನು ಅಮೆರಿಕದ ಕಂಪನಿಗಳ ಕಥೆಗಳ ಮೂಲಕ ಓದುವುದು ರೂಢಿ. ನಮ್ಮ ಕೀಲಿಮಣೆಗಳ ಕಥೆಯಲ್ಲಿ ಆ ಪ್ರಶ್ನೆಯ ಎಲ್ಲ ಮುಖಗಳೂ ಇವೆ, ಚೆನ್ನೈ ಅದರ ಒಂದು ಮುಖ್ಯ ಅಧ್ಯಾಯ. ಹಾಗಾಗಿ ಅಲ್ಲಿಂದಲೇ ನೋಡುತ್ತೇನೆ.

ಟೈಪ್‌ರೈಟರಿನ ಬಳುವಳಿ

ಇಂದಿನ ಇಂಗ್ಲಿಷ್ ಮಣೆಯ ವಿನ್ಯಾಸ ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ರೂಪಿಸಿದ್ದು, 1874ರಲ್ಲಿ ರೆಮಿಂಗ್ಟನ್ ಕಂಪನಿಯ ಟೈಪ್‌ರೈಟರಿನೊಂದಿಗೆ ಮಾರುಕಟ್ಟೆಗೆ ಬಂತು. ಅದಕ್ಕಿಂತ ವೇಗದ್ದೆಂದು ಹೇಳಿಕೊಂಡ ವಿನ್ಯಾಸಕ್ಕೆ ಆಗಸ್ಟ್ ಡ್ವೊರಾಕ್ 1936ರಲ್ಲಿ ಪೇಟೆಂಟ್ ಪಡೆದರೂ ಅದು ಹರಡಲಿಲ್ಲ. ಯಾಕೆ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. 1985ರಲ್ಲಿ ಪಾಲ್ ಡೇವಿಡ್ ಹೇಳಿದ್ದು ಹೀಗೆ: ಒಮ್ಮೆ ಲಕ್ಷಾಂತರ ಬೆರಳುಗಳು ಒಂದು ವಿನ್ಯಾಸ ಕಲಿತ ಮೇಲೆ ಅದಕ್ಕಿಂತ ಒಳ್ಳೆಯದು ಬಂದರೂ ಸಮಾಜ ಹಳೆಯದರಲ್ಲೇ ಸಿಕ್ಕಿಕೊಳ್ಳುತ್ತದೆ. 1990ರಲ್ಲಿ ಲೀಬೋವಿಟ್ಸ್ ಮತ್ತು ಮಾರ್ಗೊಲಿಸ್ ಇದನ್ನು ಅಲ್ಲಗಳೆದರು. ಡ್ವೊರಾಕ್ ವಿನ್ಯಾಸ ನಿಜಕ್ಕೂ ಅಷ್ಟು ಮೇಲು ಎನ್ನುವುದಕ್ಕೆ ಗಟ್ಟಿ ಆಧಾರವೇ ಇಲ್ಲ, ಜನ ಮೋಸಹೋಗಿಲ್ಲ ಎಂಬುದು ಅವರ ವಾದ. ಒಬ್ಬರಿಗೆ ಅಭ್ಯಾಸ ಎಂದರೆ ಬಲೆ, ಇನ್ನೊಬ್ಬರಿಗೆ ಅದು ತಿಳಿದೇ ಮಾಡಿಕೊಂಡ ಆಯ್ಕೆ.

ನಮ್ಮಲ್ಲಿ ಸಮಸ್ಯೆ ಇನ್ನೂ ಕಠಿಣವಾಗಿತ್ತು. ಇಂಗ್ಲಿಷಿಗೆಂದು ಮಾಡಿದ ಯಂತ್ರದ ನಲವತ್ತು ಚಿಲ್ಲರೆ ಕೀಲಿಗಳಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಹಿಡಿಸಬೇಕು. ಕನ್ನಡದಲ್ಲಿ ಅನಂತಸುಬ್ಬರಾಯರು, ತಮಿಳಿನಲ್ಲಿ ಯಾಳ್ಪಾಣದಿಂದ ಬಂದ ಆರ್. ಮುತ್ತಯ್ಯ ಈ ಕೆಲಸ ಮಾಡಿದರು. ಇಬ್ಬರಿಗೂ ಇದ್ದ ದಾರಿ ಒಂದೇ, ಅಕ್ಷರವನ್ನು ಕಣ್ಣಿಗೆ ಕಾಣುವ ತುಂಡುಗಳಾಗಿ ಬಿಡಿಸುವುದು. ಅಜ್ಜಿಯ ಕೈಯಲ್ಲಿ ಅರ್ಕಾವತ್ತು ಕೊನೆಗೆ ಬರುವುದು ಈ ಕಾರಣಕ್ಕೆ. ತಮಿಳಿನಲ್ಲಿ ‘ಕೆ’ ಬರೆಯುವಾಗ ಎಕಾರದ ಚಿಹ್ನೆ ವ್ಯಂಜನದ ಎಡಗಡೆ ಕೂರುತ್ತದೆ; ಟೈಪಿಸ್ಟ್ ಮೊದಲು ಆ ಚಿಹ್ನೆ ಒತ್ತಿ, ಆಮೇಲೆ ಕ ಒತ್ತುತ್ತಿದ್ದರು.

ತಂತ್ರಾಂಶದವರು ಅಭ್ಯಾಸವನ್ನು ಹಟ ಎಂದು ಕರೆಯುತ್ತಾರೆ. ಅದು ಅನ್ಯಾಯ. ಟೈಪಿಂಗ್ ಶಾಲೆಗೆ ಫೀಸು ಕಟ್ಟಿ, ಪರೀಕ್ಷೆ ಪಾಸು ಮಾಡಿ, ಅದರ ಬಲದಿಂದ ನೌಕರಿ ಪಡೆದವರಿಗೆ ಆ ವಿನ್ಯಾಸ ದುಡಿದು ಗಳಿಸಿದ ಆಸ್ತಿ. ಹೊಸ ಮಣೆ ಬಂದ ದಿನ ಅವರು ಮತ್ತೆ ಒಂದನೇ ತರಗತಿಗೆ ಹೋಗಿ ಕೂರಬೇಕು.

ದೇಶಕ್ಕೆಲ್ಲ ಒಂದೇ ಮಣೆ

1980ರ ದಶಕದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಈ ಗೋಜಲನ್ನು ಒಂದೇ ಏಟಿಗೆ ಬಿಡಿಸಲು ಹೊರಟಿತು. 1986ರಲ್ಲಿ ಇನ್‌ಸ್ಕ್ರಿಪ್ಟ್ ಮಣೆ ಬಂತು. ಅಕ್ಷರಗಳನ್ನು ಕಂಪ್ಯೂಟರಿನೊಳಗೆ ಗುರುತಿಸುವ ಇಸ್ಕಿ ಸಂಕೇತ 1988ರಲ್ಲಿ ಬಂದು 1991ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನಕವಾಯಿತು. ಕಾನ್ಪುರದ ಐಐಟಿಯಲ್ಲಿ ಹುಟ್ಟಿದ, ಭಾರತೀಯ ಲಿಪಿಗಳಿಗಾಗಿನ ಜಿಸ್ಟ್ ತಂತ್ರಜ್ಞಾನವನ್ನು ಪುಣೆಯ ಸಿ-ಡ್ಯಾಕ್ ಬೆಳೆಸಿತು. ಇದರ ಹಿಂದಿನ ಯೋಚನೆ ಸುಂದರವಾದದ್ದು. ಬ್ರಾಹ್ಮಿಯಿಂದ ಬಂದ ನಮ್ಮ ಲಿಪಿಗಳಿಗೆಲ್ಲ ವರ್ಣಮಾಲೆಯ ಎಲುಬುಗೂಡು ಒಂದೇ. ಹಾಗಾದರೆ ದೇವನಾಗರಿಯ ಕ ಇರುವ ಕೀಲಿಯಲ್ಲೇ ಕನ್ನಡದ ಕ, ತಮಿಳಿನ ಕ ಇರಲಿ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಒಂದು ಭಾಷೆಯ ಮಣೆ ಕಲಿತವರಿಗೆ ಎಲ್ಲವೂ ಬಂದ ಹಾಗೆ. ಈರೋಡು ಜಿಲ್ಲೆಯ ತಾಳವಾಡಿಯಲ್ಲೋ ಹೊಸೂರಿನಲ್ಲೋ ತಮಿಳು, ಕನ್ನಡ ಎರಡನ್ನೂ ಬರೆಯಬೇಕಾದ ಗುಮಾಸ್ತರಿಗೆ ಇದಕ್ಕಿಂತ ಉಪಕಾರ ಏನಿದೆ?

ಉಪಕಾರದ ಲೆಕ್ಕ ಸರಿ. ಅದನ್ನು ಹಾಕಿದ್ದು ಮಾತ್ರ ದಿಲ್ಲಿಯಲ್ಲಿ ಕೂತು. ಮಹಾಪ್ರಾಣಗಳಿಲ್ಲದ ತಮಿಳಿಗೆ ಈ ಮಣೆಯ ಅನೇಕ ಸ್ಥಾನಗಳು ಖಾಲಿ ಹೊಡೆಯುತ್ತವೆ. ಇಂಗ್ಲಿಷ್ ಮಣೆಯನ್ನು ಬಲ್ಲ ಕನ್ನಡಿಗನಿಗೆ ನ ಎಂಬುದು ವಿ ಕೀಲಿಯಲ್ಲಿ, ಡ ಎಂಬುದು ಚೌಕ ಕಂಸದ ಕೀಲಿಯಲ್ಲಿ ಇರುವುದು ಒಗಟು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಇನ್‌ಸ್ಕ್ರಿಪ್ಟ್ ಮಣೆ ಬಿಟ್ಟಿಯಾಗಿ ಒಳಗೇ ಸಿಗುತ್ತಿತ್ತು. ಆದರೂ ಜನ ಬರಹ, ನುಡಿಯಂಥ ಕನ್ನಡ ತಂತ್ರಾಂಶಗಳನ್ನು ಹುಡುಕಿ ತಂದು ಹಾಕಿಕೊಂಡರು. ಎಲ್ಲರಿಗೂ ಸಮನಾಗಿ ಹಂಚಿದ ಅನುಕೂಲವನ್ನು ಯಾರೂ ತಮ್ಮದೆಂದು ಎತ್ತಿಕೊಳ್ಳಲಿಲ್ಲ.

ಚೆನ್ನೈ, ಫೆಬ್ರವರಿ 1999

ತಮಿಳಿನ ಕಷ್ಟ ಕನ್ನಡದ್ದಕ್ಕಿಂತ ಬೇರೆ ತರಹದ್ದು. ಅದರ ಬಳಕೆದಾರರು ತಮಿಳುನಾಡಿನಲ್ಲಷ್ಟೇ ಇರಲಿಲ್ಲ. ಸಿಂಗಪುರ, ಮಲೇಷ್ಯಾ, ಶ್ರೀಲಂಕಾ, ಅಲ್ಲಿಂದ ವಲಸೆ ಹೋದವರ ಕೆನಡಾ, ಯೂರೋಪು ಎಲ್ಲ ಕಡೆ ಹರಡಿದ್ದರು, ಒಂದೊಂದು ಕಡೆ ಒಂದೊಂದು ಫಾಂಟು, ಒಂದೊಂದು ಮಣೆ. ಕ್ವಾಲಾಲಂಪುರದಲ್ಲಿ ಬರೆದ ಪತ್ರ ಚೆನ್ನೈಯಲ್ಲಿ ತೆರೆದರೆ ಕಸ. 1997ರಲ್ಲಿ ಸಿಂಗಪುರದಲ್ಲಿ ಮೊದಲ ತಮಿಳ್‌ನೆಟ್ ಸಮ್ಮೇಳನ ನಡೆಯಿತು. ಎರಡನೆಯದನ್ನು ತಮಿಳುನಾಡು ಸರ್ಕಾರ 1999ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ನಡೆಸಿತು. ಅಣ್ಣಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಂ. ಆನಂದಕೃಷ್ಣನ್ ಅದರ ಮುಂದಾಳು.

ಅಲ್ಲಿ ಮೂರು ಗುಂಪುಗಳು ಎದುರುಬದುರಾದವು. ಹಳೆ ಟೈಪ್‌ರೈಟರ್ ವಿನ್ಯಾಸವೇ ಇರಲಿ, ಸರ್ಕಾರಿ ಕಚೇರಿ, ಮುದ್ರಣಾಲಯಗಳ ಕೈಗಳೆಲ್ಲ ಅದರಲ್ಲೇ ಪಳಗಿವೆ ಎಂದವರು ಒಂದು ಕಡೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ತಮಿಳು ಮೂಡಲಿ, ಹೊರದೇಶದ ಮಕ್ಕಳಿಗೆ ಅದೇ ಸುಲಭ ಎಂದವರು ಇನ್ನೊಂದು ಕಡೆ. ತಮಿಳಿನ ಒಳಸ್ವಭಾವವನ್ನೇ ಹಿಡಿದು ಹೊಸದಾಗಿ ಮಣೆ ಕಟ್ಟೋಣ ಎಂದವರು ಮೂರನೆಯವರು. ಗೆದ್ದದ್ದು ಮೂರನೆಯವರ ವಾದ. ಅದರ ಫಲ ತಮಿಳ್99 ಮಣೆ. ಜೊತೆಗೆ ಟ್ಯಾಮ್, ಟ್ಯಾಬ್ ಎಂಬ ಎರಡು ಸಂಕೇತ ಪಟ್ಟಿಗಳು: ಒಂದು ತಮಿಳಿಗೆ ಮಾತ್ರ, ಇನ್ನೊಂದು ತಮಿಳು ಮತ್ತು ಇಂಗ್ಲಿಷ್ ಸೇರಿದ ಬರವಣಿಗೆಗೆ.

ತಮಿಳ್99ನ್ನು ನಾನು ಕಲಿತಿದ್ದೇನೆ, ಅದರ ಬಗ್ಗೆ ನನಗೆ ಪ್ರೀತಿಯಿದೆ. ತಮಿಳಿನಲ್ಲಿ ಒಂದೇ ವ್ಯಂಜನ ಎರಡು ಸಲ ಸಾಲಾಗಿ ಬಂದರೆ ಬಹುಪಾಲು ಅದು ದ್ವಿತ್ವ. ಹಾಗಾಗಿ ಅ, ಮ, ಮ ಎಂದು ಒತ್ತಿದರೆ ಸಾಕು, ಮೊದಲ ಮಕಾರದ ತಲೆಯ ಮೇಲೆ ಪುಳ್ಳಿ, ಅಂದರೆ ಸ್ವರವಿಲ್ಲವೆಂದು ತೋರಿಸುವ ಚುಕ್ಕೆ, ತಾನೇ ಬಂದು ‘ಅಮ್ಮ’ ಆಗುತ್ತದೆ. ಅನುನಾಸಿಕದ ಹಿಂದೆಯೇ ಅದರ ವರ್ಗದ ವ್ಯಂಜನ ಬಂದರೂ ಹೀಗೇ. ಪುಳ್ಳಿ ಬೇಡದ ಅಪರೂಪದ ಕಡೆ ನಡುವೆ ಒಂದು ಅಕಾರ ಒತ್ತಬೇಕು. ಹೆಚ್ಚು ಸಲ ಬರುವುದು ಹಗುರವಾಗಲಿ, ಕಡಿಮೆ ಸಲ ಬರುವುದು ಒಂದಿಷ್ಟು ಕಷ್ಟವಾದರೂ ಸಾಧ್ಯವಾಗಲಿ ಎಂಬ ತತ್ವ ಇದಕ್ಕಿಂತ ಚೆನ್ನಾಗಿ ಕೀಲಿಗೆ ಇಳಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟಾದರೂ ಗೆದ್ದ ಮಣೆ ಎಲ್ಲರ ಮಣೆ ಆಗಲಿಲ್ಲ. ಹಳೆ ಟೈಪ್‌ರೈಟರ್ ವಿನ್ಯಾಸ ತಂತ್ರಾಂಶಗಳಲ್ಲಿ ಉಳಿದುಕೊಂಡಿತು. ಮಲೇಷ್ಯಾದ ಮುತ್ತು ನೆಡುಮಾರನ್ ರೂಪಿಸಿದ ಮುರಸು ಅಂಜಲ್‌ನಂಥ ತಂತ್ರಾಂಶಗಳ ಮೂಲಕ ಇಂಗ್ಲಿಷ್ ಅಕ್ಷರದ ದಾರಿಯೂ ಬೆಳೆಯಿತು. ಸಂಕೇತದ ಜಗಳವಂತೂ ಮುಗಿಯಲೇ ಇಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪಟ್ಟಿಯಾದ ಯೂನಿಕೋಡ್‌ನಲ್ಲಿ ತಮಿಳಿನ ‘ಕಿ’ ಎಂಬುದು ಕ ಮತ್ತು ಇಕಾರ ಸೇರಿದ ಎರಡು ಸಂಕೇತ. ನಮ್ಮ 247 ಅಕ್ಷರಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಸಂಕೇತ ಬೇಕು ಎಂದ ತಂತ್ರಜ್ಞರ ಒತ್ತಾಯದಿಂದ ಟೇಸ್16 ಎಂಬ ಪಟ್ಟಿ ತಯಾರಾಯಿತು. 2010ರಲ್ಲಿ ತಮಿಳುನಾಡು ಸರ್ಕಾರ ಯೂನಿಕೋಡ್‌ನ ಜೊತೆಗೆ ಅದನ್ನೂ ಮಾನ್ಯ ಮಾಡಿತು.

ಕನ್ನಡದ ಎರಡು ದಾರಿ

ಕನ್ನಡದಲ್ಲಿ ಇಷ್ಟು ದೊಡ್ಡ ಸಭೆಗೆ ಮುಂಚೆಯೇ ಒಬ್ಬ ವ್ಯಕ್ತಿಯ ಯೋಚನೆ ನೆಲೆಯೂರಿತ್ತು. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಇಂಗ್ಲಿಷ್ ಮಣೆಯ 26 ಕೀಲಿಗಳಿಗೇ ಕನ್ನಡವನ್ನು ಹೊಂದಿಸಿದರು. ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ವರ್ಗಾಕ್ಷರಗಳ ಹತ್ತು ಮಹಾಪ್ರಾಣಗಳೂ ಅಲ್ಪಪ್ರಾಣಗಳ ಮಹಡಿಯ ಮೇಲೆ ಹೋಗಿ ಕೂತವು. ಇಂಗ್ಲಿಷ್ ಟೈಪಿಂಗ್ ಬಲ್ಲವರಿಗೆ ಒಂದೆರಡು ಗಂಟೆಯಲ್ಲಿ ಕೈಗೆ ಹತ್ತುವ ಮಣೆ ಇದು. 2000ದ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರ ಇದನ್ನು ಆಧರಿಸಿದ ವಿನ್ಯಾಸವನ್ನೇ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಅದನ್ನು ಕಚೇರಿಗಳಿಗೆ ತಲುಪಿಸಿತು.

ಇನ್ನೊಂದು ದಾರಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರದು. 1998ರಲ್ಲಿ ಅವರು ಬಿಟ್ಟಿಯಾಗಿ ಹಂಚಿದ ಬರಹ ತಂತ್ರಾಂಶದಲ್ಲಿ ಯಾವ ಮಣೆಯನ್ನೂ ಕಲಿಯಬೇಕಿರಲಿಲ್ಲ. ಕನ್ನಡವನ್ನು ಇಂಗ್ಲಿಷಿನಲ್ಲಿ ಬರೆದರಾಯಿತು. ಹೊರನಾಡಿನ ಎಷ್ಟೋ ಮನೆಗಳಲ್ಲಿ ಕನ್ನಡ ಪತ್ರ ಮತ್ತೆ ಹುಟ್ಟಿದ್ದು ಇದರಿಂದ. ಚೆನ್ನೈಯಲ್ಲಿ ನಾನು ಮೊದಲು ಬರೆದ ಕನ್ನಡ ಮಿಂಚಂಚೆಯೂ ಅದರಲ್ಲೇ. 2022ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಮನೆಯವರನ್ನು ಕಳೆದುಕೊಂಡಷ್ಟು ಸಂಕಟವಾಯಿತು.

ನುಡಿಯ ಬೆಂಬಲಿಗರ ಪ್ರಕಾರ ಇಂಗ್ಲಿಷಿನ ಮೂಲಕ ಕನ್ನಡ ಬರೆಸುವುದು ಮಕ್ಕಳನ್ನು ಅಕ್ಷರಮಾಲೆಯಿಂದ ದೂರ ಮಾಡುತ್ತದೆ. ಬರಹದವರ ಪ್ರಕಾರ ಕಲಿಯಬೇಕಾದ ಮಣೆ ಎಂದರೆ ಮುಚ್ಚಿದ ಬಾಗಿಲು. ಎರಡೂ ನಿಜ. ಈ ಜಗಳ ಕಾವೇರಿದ್ದಾಗ ಇನ್ನೊಂದು ದೊಡ್ಡ ಅಪಾಯ ಮರೆಯಲ್ಲೇ ಇತ್ತು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ವಿಷಯವನ್ನು ಗಟ್ಟಿಯಾಗಿ ಎತ್ತಿಕೊಂಡಿದ್ದು ಸುಮ್ಮನೆ ಅಲ್ಲ. ಆ ಕಾಲದ ಕಡತಗಳಲ್ಲಿ ಕನ್ನಡ ಕಾಣುತ್ತಿತ್ತೇ ಹೊರತು ಕನ್ನಡ ಇರಲಿಲ್ಲ. ಫಾಂಟಿನ ಮುಸುಕು ತೆಗೆದರೆ ಒಳಗೆ ಯೂರೋಪಿನ ಅಕ್ಷರ, ಚಿಹ್ನೆಗಳ ರಾಶಿ. ಹುಡುಕಲಾಗದು, ಅಕಾರಾದಿ ಜೋಡಿಸಲಾಗದು. ಕಣ್ಣಿಲ್ಲದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಗದ್ದಲ.

ಯೂನಿಕೋಡ್ ಮಾಡಿದ ದೊಡ್ಡ ಕೆಲಸ ಇಲ್ಲಿದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರಲ್ಲಿ ಜಾಗವಿತ್ತು. ಅದು ನಮ್ಮ ಯಂತ್ರಗಳಲ್ಲಿ ನೆಲೆಗೊಳ್ಳಲು ಬಹಳ ವರ್ಷ ಹಿಡಿಯಿತು. ನೆಲೆಗೊಂಡ ಮೇಲೆ ಒಳಗಿನ ಸಂಕೇತವೂ ಹೊರಗಿನ ಮಣೆಯೂ ಬೇರೆಬೇರೆಯಾದವು. ಸಂಕೇತ ಎಲ್ಲರಿಗೂ ಒಂದೇ ಇರಬೇಕು, ಇಲ್ಲದಿದ್ದರೆ ಒಬ್ಬರ ಬರಹ ಇನ್ನೊಬ್ಬರಿಗೆ ದಕ್ಕದು. ಮಣೆ ಹತ್ತು ಇದ್ದರೆ ಯಾರಿಗೇನು ನಷ್ಟ? ಮಾಂಬಲದ ಆ ಮನೆಯಲ್ಲಿ ಇಬ್ಬರು ಎರಡು ಮಣೆಯಲ್ಲಿ ಒತ್ತಿದ ‘ಕನ್ನಡ’ ಕಡತದೊಳಗೆ ಒಂದೇ ಪದವಾಗಿ ಕೂತಿತು. ತೊಂಬತ್ತರ ದಶಕದ ಜಗಳ ಅಷ್ಟು ಕಹಿಯಾದದ್ದು ಈ ಎರಡೂ ಒಂದೇ ಗಂಟಿನಲ್ಲಿ ಸೇರಿಕೊಂಡಿದ್ದರಿಂದ ಎಂದು ನನ್ನ ನಂಬಿಕೆ. ಎಲ್ಲರಿಗೂ ಒಪ್ಪುವುದನ್ನು ಆರಿಸುವ ಪ್ರಶ್ನೆಗೆ ಗಣಿತದ ಉತ್ತರವೂ ಇದೆ. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ ಎಲ್ಲರ ಇಷ್ಟಗಳನ್ನು ಸೇರಿಸಿ, ನ್ಯಾಯದ ಕೆಲವು ಸರಳ ನಿಯಮಗಳೆಲ್ಲಕ್ಕೂ ಒಪ್ಪುವಂತೆ ಒಂದೇ ಸಾಮೂಹಿಕ ಕ್ರಮ ಮಾಡಲಾಗದು ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1951ರಲ್ಲಿ ಸಾಧಿಸಿ ತೋರಿಸಿದರು. ಇದನ್ನು ತಂತ್ರಾಂಶಕ್ಕೆ ಅನ್ವಯಿಸಿ ‘ಎಲ್ಲರನ್ನೂ ಮೆಚ್ಚಿಸಲಾಗದು’ ಎಂದು ಕೈ ತೊಳೆದುಕೊಳ್ಳುವವರಿದ್ದಾರೆ. ಎಲ್ಲರೂ ಒಂದನ್ನೇ ಬಳಸಲೇಬೇಕಾದ ಕಡೆ ಮಾತ್ರ ಆ ಮಾತು ಸಲ್ಲುತ್ತದೆ. ಉಳಿದ ಕಡೆ ಅದು ಸೋಮಾರಿತನಕ್ಕೆ ಹೊದಿಸಿದ ಗಣಿತ.

ಸರಾಸರಿ ಮನುಷ್ಯ ಮತ್ತು ಒಬ್ಬನೇ ಮನುಷ್ಯ

ಹಾಗಾದರೆ ಯಾರನ್ನು ಮನಸ್ಸಿನಲ್ಲಿಟ್ಟು ಕಟ್ಟಬೇಕು? ಸರಾಸರಿ ಬಳಕೆದಾರನನ್ನು ಎಂಬುದು ಹಳೆಯ ಉತ್ತರ. ಅದನ್ನು ಒಡೆದು ಹಾಕಿದ್ದು ಅಮೆರಿಕದ ವಾಯುಪಡೆ. 1950ರ ದಶಕದ ಆರಂಭದಲ್ಲಿ ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕ 4,063 ಪೈಲಟ್‌ಗಳ ದೇಹದ ಅಳತೆಗಳನ್ನು ಪರಿಶೀಲಿಸಿದರು. ಹತ್ತು ಅಳತೆಗಳಲ್ಲೂ ಸರಾಸರಿಗೆ ಹತ್ತಿರವಿದ್ದವನು ಒಬ್ಬನೂ ಸಿಗಲಿಲ್ಲ. ಸರಾಸರಿಗೆ ಮಾಡಿದ ಆಸನ ಯಾರಿಗೂ ಮಾಡಿದ್ದಲ್ಲ ಎಂದಾಯಿತು, ಹೊಂದಿಸಿಕೊಳ್ಳಬಹುದಾದ ಆಸನಗಳು ಬಂದವು.

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಿಂದ ಬಂದವರು ತಂತ್ರಾಂಶ ವಿನ್ಯಾಸಕ ಅಲನ್ ಕೂಪರ್. ಎಲ್ಲರಿಗಾಗಿ ಕಟ್ಟಿದರೆ ಯಾರಿಗೂ ಹಿಡಿಸದು. ಹೆಸರು, ಕೆಲಸ, ಗುರಿ ಎಲ್ಲ ಇರುವ ಒಬ್ಬ ಕಲ್ಪಿತ ವ್ಯಕ್ತಿಗಾಗಿ ಕಟ್ಟಿ, ಅವನಿಗೆ ಚೆನ್ನಾದದ್ದು ಬಹಳ ಜನಕ್ಕೆ ಚೆನ್ನಾಗುತ್ತದೆ ಎಂದರು. ವಿಮಾನದ ಸಿಬ್ಬಂದಿಗೆಂದು ಮಾಡಿದ ಗಾಲಿಯ ಸೂಟ್‌ಕೇಸು ಆಮೇಲೆ ಎಲ್ಲರ ಕೈಗೂ ಬಂದದ್ದು ಅವರು ಕೊಡುವ ಉದಾಹರಣೆ. ಈ ವಿಧಾನ ನಿಜಕ್ಕೂ ಕೆಲಸ ಮಾಡುತ್ತದೆ, ನಾನೇ ಬಳಸಿದ್ದೇನೆ. ಅದರ ಕುರುಡುತನವನ್ನೂ ಕಂಡಿದ್ದೇನೆ. ಆ ಕಲ್ಪಿತ ವ್ಯಕ್ತಿ ಹೆಚ್ಚಿನ ಸಲ ನಮ್ಮ ಪಕ್ಕದ ಕುರ್ಚಿಯವನನ್ನೇ ಹೋಲುತ್ತಾನೆ.

ಹಿಂದೆ ನಾನು ಕೆಲಸಕ್ಕಿದ್ದ ಕಂಪನಿಯೊಂದರಲ್ಲಿ ಗ್ರಾಹಕರ ನೋಂದಣಿಯ ಫಾರಂ ಕಟ್ಟಿದೆವು. ಮೊದಲ ಹೆಸರು, ಕೊನೆಯ ಹೆಸರು, ಎರಡೂ ಕಡ್ಡಾಯ. ಕೊನೆಯ ಹೆಸರಿಗೆ ಎರಡು ಅಕ್ಷರವಾದರೂ ಇರಬೇಕು. ಕಟ್ಟಿದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಕೊನೆಯ ಹೆಸರೇ ಇರಲಿಲ್ಲ! ತಮಿಳರಿಗೆ ತಂದೆಯ ಹೆಸರಿನ ಒಂದು ಇನಿಷಿಯಲ್; ನಮ್ಮಂಥವರಿಗೆ ಊರಿನದೊಂದು, ತಂದೆಯದೊಂದು. ಚೆನ್ನೈಯಲ್ಲಿ ಕೂತು, ಚೆನ್ನೈಯವರೇ ಕಟ್ಟಿದ ಫಾರಂ ಚೆನ್ನೈಯವರನ್ನೇ ಹೊರಗಿಟ್ಟಿತು. ಜನ ಸುಮ್ಮನೆ ಇನಿಷಿಯಲನ್ನು ಎರಡು ಸಲ ಬರೆದು ಮುಂದೆ ಹೋದರು. ನಮಗೆ ಒಂದು ದೂರೂ ಬರಲಿಲ್ಲ. ಆ ಮೌನವನ್ನು ನಾವು ತೃಪ್ತಿ ಎಂದು ಓದಿಕೊಂಡೆವು. ಇದನ್ನು ನೆನೆದರೆ ನನಗೆ ಈಗಲೂ ನೋವಾಗುತ್ತದೆ.

ಆಯ್ಕೆಗಳನ್ನೇ ಕೊಟ್ಟುಬಿಟ್ಟರೆ?

ಬೇಕಾದವರು ಬೇಕಾದಂತೆ ಹೊಂದಿಸಿಕೊಳ್ಳಲಿ ಎಂಬ ಪಂಥಕ್ಕೆ ಮುಕ್ತ ತಂತ್ರಾಂಶದವರಲ್ಲಿ ದೊಡ್ಡ ಬೆಂಬಲವಿತ್ತು. ಅದೇ ಬಳಗದ ಹ್ಯಾವೊಕ್ ಪೆನ್ನಿಂಗ್ಟನ್ 2002ರಲ್ಲಿ ಇದರ ವಿರುದ್ಧ ಬರೆದರು: ಪ್ರತಿ ಆಯ್ಕೆಗೂ ಬೆಲೆಯಿದೆ. ಲೆಕ್ಕ ನೋಡಿ. ಹೌದು, ಇಲ್ಲ ಎಂಬ ಹತ್ತೇ ಹತ್ತು ಆಯ್ಕೆ ಇಟ್ಟರೂ 1,024 ಬಗೆಯ ತಂತ್ರಾಂಶಗಳಾದವು. ಅಷ್ಟನ್ನೂ ಪರೀಕ್ಷಿಸುವವರು ಯಾರು? ಬಳಕೆದಾರನಿಗೂ ಅದು ಹೊರೆ. ಆಯ್ಕೆಗಳ ಪುಟ ತೆರೆದು ನೋಡುವವರೇ ಕಡಿಮೆ, ಮೊದಲೇ ಹೊಂದಿಸಿಟ್ಟದ್ದೇ ಬಹಳ ಜನಕ್ಕೆ ಇಡೀ ತಂತ್ರಾಂಶ. ಆ ಭಾನುವಾರ ಲ್ಯಾಪ್‌ಟಾಪಿನಲ್ಲಿ ನಾಲ್ಕು ಮಣೆಗಳಿದ್ದವು. ಬದಲಿಸುವುದು ಹೇಗೆಂದು ಗೊತ್ತಿದ್ದದ್ದು ನನಗೊಬ್ಬನಿಗೆ. ಅಜ್ಜಿಗೆ ಬೇಕಾದ ಐದನೆಯದು ಅದರಲ್ಲಿ ಇರಲೇ ಇಲ್ಲ.

ಕೇಳುವವರು, ಎಣಿಸುವವರು

1981ರಿಂದ 1985ರವರೆಗೆ ಸ್ಕ್ಯಾಂಡಿನೇವಿಯಾದಲ್ಲಿ ಯುಟೋಪಿಯಾ ಎಂಬ ಯೋಜನೆ ನಡೆಯಿತು. ಪತ್ರಿಕೆಗಳ ಮೊಳೆ ಜೋಡಿಸುವ ಕಾರ್ಮಿಕರ ಸಂಘ ಮತ್ತು ಸಂಶೋಧಕರು ಜೊತೆಗೂಡಿ ಪುಟವಿನ್ಯಾಸದ ಕಂಪ್ಯೂಟರ್ ಹೇಗಿರಬೇಕೆಂದು ರೂಪಿಸಿದರು. ಯಂತ್ರ ಬರುವ ಮೊದಲೇ ರಟ್ಟು, ಮರದ ಹಲಗೆಗಳಲ್ಲಿ ಅಣಕು ಯಂತ್ರ ಮಾಡಿ, ಅದರ ಮುಂದೆ ಕೂತು ಕೆಲಸ ಮಾಡಿ ನೋಡಿದರು. ನಮ್ಮಲ್ಲೂ ಹೀಗೊಂದು ಪ್ರಯತ್ನ ಆಗಿದ್ದರೆ, ಮೊಳೆ ಜೋಡಿಸಿದವರು, ಟೈಪಿಂಗ್ ಕಲಿಸಿದವರು ಮೇಜಿನ ಸುತ್ತ ಇದ್ದಿದ್ದರೆ, ಅಜ್ಜಿಯ ಪ್ರಶ್ನೆ ಮೂವತ್ತು ವರ್ಷ ಮೊದಲೇ ಕೇಳಿಬರುತ್ತಿತ್ತು.

ಎದುರಿನ ಪಂಥ ಎಣಿಸುವವರದು. ಯಾರನ್ನೂ ಕೇಳಬೇಡಿ, ಯಾವ ಗುಂಡಿಯನ್ನು ಎಷ್ಟು ಜನ ಒತ್ತಿದರು ನೋಡಿ ಎನ್ನುತ್ತಾರೆ. ಗೂಗಲ್‌ನಲ್ಲಿ ನೀಲಿ ಬಣ್ಣದ 41 ಛಾಯೆಗಳನ್ನು ಹೀಗೆ ಪರೀಕ್ಷೆಗೆ ಹಚ್ಚಿದ್ದನ್ನು ಡಗ್ಲಾಸ್ ಬೋಮನ್ ಎಂಬ ವಿನ್ಯಾಸಕಾರರು 2009ರಲ್ಲಿ ಕೆಲಸ ಬಿಡುವಾಗ ಬೇಸರದಿಂದ ಹೇಳಿಕೊಂಡರು. ಎಣಿಕೆಗೆ ತನ್ನದೇ ಬಲವಿದೆ, ಗಟ್ಟಿದನಿಯವರ ಅಬ್ಬರವನ್ನು ಅದು ತಣ್ಣಗಾಗಿಸುತ್ತದೆ. ಆದರೆ ಒಳಗೆ ಬಂದವರನ್ನು ಮಾತ್ರ ಎಣಿಸಬಹುದು. 2021ರಲ್ಲಿ ಕೋವಿಡ್ ಲಸಿಕೆಗೆ ಕೋವಿನ್ ಜಾಲತಾಣದಲ್ಲಿ ಹೆಸರು ಹಚ್ಚಬೇಕಾದಾಗ ಅದು ಮೊದಲು ಇಂಗ್ಲಿಷಿನಲ್ಲಷ್ಟೇ ಇತ್ತು. ಡಿಜಿಟಲ್ ಕಂದರದ ಬಗ್ಗೆ ಸುಪ್ರೀಂ ಕೋರ್ಟ್ ಆ ಮೇ ಕೊನೆಯಲ್ಲಿ ಪ್ರಶ್ನೆ ಎತ್ತಿತು. ಜೂನಿನಲ್ಲಿ ಪ್ರಾದೇಶಿಕ ಭಾಷೆಗಳು ಬಂದವು. ಅದಕ್ಕೆ ಮೊದಲು ಬಾಗಿಲಿಂದಲೇ ಹಿಂದೆ ಹೋದವರು ಯಾವ ಎಣಿಕೆಯಲ್ಲೂ ಇರುವುದಿಲ್ಲ.

ತಪ್ಪನ್ನೂ ತಿದ್ದಲಾಗದ ಕಡೆ

ಸ್ಥಿರತೆಯ ಪಂಥದವರು ಕೇಳುವ ಪ್ರಶ್ನೆ ಬೇರೆ: ಇಂದಿನವರನ್ನು ಮೆಚ್ಚಿಸಲು ನಿನ್ನೆಯವರ ಕೆಲಸ ಕೆಡಿಸಬಹುದೇ? ಹಳಗನ್ನಡದ ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪಾಗಿ ‘ಕನ್ನಡ ಅಕ್ಷರ ಫ’ ಎಂಬ ಅರ್ಥದ ಹೆಸರು ಬಿದ್ದಿದೆ. ತಪ್ಪೆಂದು ಎಲ್ಲರಿಗೂ ಗೊತ್ತು, ಪಟ್ಟಿಯಲ್ಲೇ ಟಿಪ್ಪಣಿ ಇದೆ. ಆದರೂ ತಿದ್ದುವುದಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಅಲ್ಲಿಯ ನಿಯಮ, ಯಾಕೆಂದರೆ ಜಗತ್ತಿನ ಯಾವ ಮೂಲೆಯ ಯಾವ ತಂತ್ರಾಂಶ ಆ ಹೆಸರನ್ನು ನಂಬಿ ನಿಂತಿದೆಯೋ ಯಾರಿಗೂ ತಿಳಿಯದು. ಹೊಸದನ್ನು ಸೇರಿಸಲು ಅಡ್ಡಿಯಿಲ್ಲ. ಹಳಗನ್ನಡದ ನಕಾರ ಪೊಲ್ಲು 2021ರಲ್ಲಿ ಸೇರಿತು. ಕೆಲವೇ ವಿದ್ವಾಂಸರಿಗೆ ಬೇಕಾದ ಅಕ್ಷರಕ್ಕೂ ಎಲ್ಲರ ಪಟ್ಟಿಯಲ್ಲಿ ಜಾಗ ಸಿಕ್ಕಿತಲ್ಲ ಎಂದು ನನಗೆ ಸಂತೋಷವಾಯಿತು. ಬೇರೆಯವರಿಗೆ ಅದರಿಂದ ಒಂದಿಷ್ಟೂ ತೊಂದರೆ ಇಲ್ಲ.

ಇತ್ಯರ್ಥವಾಗದೆ ಉಳಿದವು

ಸಂಕೇತ ಸಮಾನ, ಮಣೆ ಸ್ವಂತ ಎಂದು ಮೇಲೆ ಹೇಳಿದೆ. ಈ ಎರಡರ ನಡುವಿನ ಗಡಿ ಅಷ್ಟು ನೇರವಾಗಿಲ್ಲ. ‘ಸಾಫ್ಟ್‌ವೇರ್’ ಎಂದು ಸರಿಯಾಗಿ ಬರೆಯಲು ಟಕಾರದ ಮತ್ತು ವಕಾರದ ನಡುವೆ ಕಣ್ಣಿಗೆ ಕಾಣದ, ಬಿಡಿಸುವ ಚಿಹ್ನೆಯೊಂದನ್ನು ಒತ್ತಬೇಕು. ಅದಿಲ್ಲದಿದ್ದರೆ ‘ಸಾಫ್ಟ್ವೇರ್’ ಆಗಿ ವಕಾರ ಒತ್ತಾಗುತ್ತದೆ. ‘ರ‍್ಯಾಂಕ್’ ಬರೆಯಲು ಇನ್ನೊಂದು ಕಾಣದ ಚಿಹ್ನೆ ಬೇಕು, ಇಲ್ಲವಾದರೆ ‘ರ್ಯಾಂಕ್’ ಎಂದು ಅರ್ಕಾವತ್ತು ಬಂದು ಕೂರುತ್ತದೆ. ಎಷ್ಟೋ ಜನರಿಗೆ ಈ ಚಿಹ್ನೆಗಳು ತಮ್ಮ ಫೋನಿನ ಮಣೆಯಲ್ಲಿ ಎಲ್ಲಿವೆ ಎಂಬುದೇ ಗೊತ್ತಿಲ್ಲ. ಹೀಗೆ ಮಣೆಯ ಒಂದು ಕೊರತೆ ಸಾರ್ವಜನಿಕ ಬರವಣಿಗೆಯೊಳಗೆ ಇಳಿದುಬಿಡುತ್ತದೆ, ಒಂದೇ ಪದ ಎರಡು ರೂಪ ತಳೆದು ಹುಡುಕಾಟದಲ್ಲಿ ಒಂದು ಸಿಕ್ಕಿ ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ಇದನ್ನು ಸರಿಪಡಿಸುವ ಹೊಣೆ ಬರೆಯುವವರದೋ, ಮಣೆ ಮಾಡಿದವರದೋ, ಹುಡುಕುವ ತಂತ್ರಾಂಶದ್ದೋ?

ಹಳೆಯ ಕೈಗಳಿಗೆ ಎಷ್ಟು ಕಾಲದವರೆಗೆ ಜಾಗ ಉಳಿಸಬೇಕು ಎಂಬುದೂ ತೀರ್ಮಾನವಾಗಿಲ್ಲ. ಟೈಪ್‌ರೈಟರ್ ಕಲಿತವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ವಿನ್ಯಾಸವನ್ನು ಹೊಸ ಯಂತ್ರಗಳಿಗೆ ಒಗ್ಗಿಸಲು ಒಬ್ಬರ ಕೆಲವು ವಾರಗಳ ದುಡಿಮೆ ಸಾಕು. ಅದನ್ನು ಮಾಡುವವರಿಗೆ ಸಂಬಳ ಕೊಡುವವರಿಲ್ಲ.

ಇನ್ನು ಧ್ವನಿ. ಮಣೆಯೇ ಬೇಡ, ಮಾತಾಡಿದರೆ ಸಾಕು ಎಂಬ ಕಾಲ ಬರುತ್ತಿದೆ. 2022ರಲ್ಲಿ ಭಾಷಾ ತಂತ್ರಜ್ಞಾನಕ್ಕೆಂದು ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ ಆರಂಭವಾಯಿತು. ಅದೇ ವರ್ಷ ಇಲ್ಲಿಯೇ ಮದ್ರಾಸ್ ಐಐಟಿಯಲ್ಲಿ ಎಐ4ಭಾರತ್ ಸಂಶೋಧನಾ ಬಳಗದ ನಿಲೇಕಣಿ ಕೇಂದ್ರ ತೆರೆಯಿತು. ಭಾರತೀಯ ಭಾಷೆಗಳ ಮಾತು, ಅನುವಾದ, ಲಿಪ್ಯಂತರದ ಮೇಲೆ ಅಲ್ಲಿ ನಡೆಯುತ್ತಿರುವ ಕೆಲಸದ ಮೇಲೆ ನನಗೆ ದೊಡ್ಡ ಭರವಸೆಯಿದೆ. ಆ ಭಾನುವಾರ ಕೊನೆಗೆ ನಾವು ಅಜ್ಜಿಯ ಕೈಗೆ ಫೋನು ಕೊಟ್ಟು ಲೇಖನವನ್ನು ಓದಿಸಿದೆವು. ಹಾಳೆ ನೋಡಿ ಓದಿದ ವಾಕ್ಯಗಳೆಲ್ಲ ಬಹುಮಟ್ಟಿಗೆ ಸರಿಯಾಗಿ ಮೂಡಿದವು. ನಡುವೆ ಹಾಳೆ ಬಿಟ್ಟು ತಮ್ಮದೇ ಮಾತಿನಲ್ಲಿ, ಐವತ್ತು ವರ್ಷ ಮಾಂಬಲದಲ್ಲಿದ್ದು ಅರ್ಧ ತಮಿಳು ಬೆರೆತ ಮೈಸೂರು ಕನ್ನಡದಲ್ಲಿ, ಎರಡು ಮಾತು ಸೇರಿಸಿದರು. ಅದು ಫೋನಿಗೆ ತಿಳಿಯಲಿಲ್ಲ. ಅವರು ಮತ್ತೆ ಹೇಳಿದರು, ಈ ಸಲ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ.

ಯಾರ ಮಾತನ್ನು ಕೇಳಿಸಿ ಆ ಯಂತ್ರಗಳಿಗೆ ಕನ್ನಡ ಕಲಿಸಬೇಕು? ಧಾರವಾಡದ್ದೇ, ಮಂಗಳೂರಿನದೇ, ಚಾಮರಾಜನಗರದ್ದೇ, ಕಾಸರಗೋಡಿನದೇ, ಮಾಂಬಲದ್ದೇ? ಅದನ್ನು ಯಾರು ಗೊತ್ತುಮಾಡುತ್ತಾರೆ? ಮಣೆಯ ವಿಷಯಕ್ಕಾದರೆ 1999ರಲ್ಲಿ ಚೆನ್ನೈಯಲ್ಲಿ ಮೂರು ಕಡೆಯವರೂ ಸೇರಿ ಎದುರೆದುರು ವಾದಿಸಲು ಒಂದು ಸಭೆಯಿತ್ತು. ಧ್ವನಿಗೆ ಅಂಥ ಸಭೆಯೊಂದನ್ನು ಯಾವ ಊರು ಕರೆಯುತ್ತದೋ, ಕರೆದರೆ ಅಜ್ಜಿಯಂಥವರಿಗೆ ಅಲ್ಲಿ ಕುರ್ಚಿ ಇರುತ್ತದೋ, ಇನ್ನೂ ತಿಳಿದಿಲ್ಲ.